ಅತ್ತೆಯ ವಂಕಿ

ಇವತ್ತು ಬೆಳಿಗ್ಗೆ ಸುಸಲಾ ಮಾಡೋಣವೆಂದು ಚುರಮುರಿ ನೆನೆಹಾಕಿ, ಪುಟಾಣಿ ಕಡಲೆ ಪುಡಿ ಮಾಡಲು ಮಿಕ್ಸಿ ತೆಗೆದಿದ್ದೆ. ಹತ್ತನೇ ಕ್ಲಾಸಿನ ಮಗಳು ನೀಲು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ವಿಜ್ಞಾನದ ಪುಸ್ತಕ ಓದುತ್ತಿದ್ದಳು. ಹೊಸ್ತಿಲ ಮೇಲೆ ಕೂಡಬೇಡ ಎಂದು ಸಾವಿರ ಸಲ ಹೇಳಿದ್ದೇನೆ, ಅವಳಿಗೆ ಓದು ತಲೆಗೆ ಹತ್ತುವುದೇ ಅಲ್ಲಿ ಕೂತರೆ. ಅದೂ ಗಟ್ಟಿಯಾಗಿ ಓದಬೇಕು, ಓಣಿಗೆಲ್ಲ ಪಾಠವಾಗಬೇಕು. ಓದುತ್ತ ಓದುತ್ತ ಒಂದು ಸಾಲಿಗೆ ಬಂದು ಓದು ನಿಲ್ಲಿಸಿದಳು.

"ಅವ್ವಾ, ಇಲ್ಲಿ ವಂಕಿ ಅಂತ ಕೊಟ್ಟಾರ. ಮಕ್ಕಳಾಗಬಾರದಂತ ಗರ್ಭಕೋಶದಾಗ ವಂಕಿ ಇಡ್ತಾರಂತ. ವಂಕಿ ಅಂದ್ರ ತೋಳಿಗಿ ಹಾಕ್ಕೊಳ್ಳೋದಲ್ಲಾ? ಆಯಿದು ಬೆಳ್ಳಿದು ಐತಲ್ಲ, ಅಂಥಾದು?"

"ನಿಮ್ಮ ಸರ್ ಏನ್ ಹೇಳಿದ್ರು?" ಎಂದೆ, ಕಾಲ ಕಳೆಯಲು.

"ಸರ್ ಈ ಪಾಠ ಮನ್ಯಾಗ ಓದ್ಕೊಳ್ರಿ ಅಂದು ಮುಂದಿನ ಪಾಠಕ್ಕ ಹೋಗ್ಯಾರ. ಹುಡುಗ್ರು ನಗಾಕತ್ತಿದ್ರು. ಪರೀಕ್ಷಾಕ್ಕ ಮಾತ್ರ ಬರ್ತದಂತ."

"ಅದು ಬ್ಯಾರೆ ವಂಕಿ" ಎಂದವಳೇ ನಾನು ಮಿಕ್ಸಿ ಹಚ್ಚಿಬಿಟ್ಟೆ. ಪುಟಾಣಿ ಆಗಲೇ ಹಿಟ್ಟಾಗಿತ್ತು. ಆದರೂ ತಿರುಗಿಸಿದೆ.

ನೀವೇ ಹೇಳಿ, ನಾನು ಬಿ.ಎ. ಓದಿದವಳು. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಣೆಕಟ್ಟಿನ ಗೇಟು ಎಷ್ಟು ತೆರೆದರೆ ನೀರು ಎಷ್ಟು ಹೋಗುತ್ತದೆ ಎಂದು ಅಪ್ಪನ ಬಾಯಿಂದ ಊಟದ ಹೊತ್ತಿಗೆ ಕೇಳಿ ಬೆಳೆದವಳು. ವಿಷಯ ಯಾವುದೇ ಇರಲಿ, ನೇರವಾಗಿ ಮಾತಾಡಬೇಕು ಎಂದು ಮಂದಿಗೆ ಬುದ್ಧಿ ಹೇಳುವವಳು. ಅಂಥವಳು ಹೆತ್ತ ಮಗಳ ಒಂದು ಪ್ರಶ್ನೆಗೆ ಮಿಕ್ಸಿಯ ಹಿಂದೆ ಅಡಗಿಕೊಂಡೆ. ನೀಲು ಆಯಿ ಎಂದು ಕರೆಯುತ್ತಿದ್ದ ನಮ್ಮತ್ತೆ ಶಂಕ್ರವ್ವ ಇದ್ದಿದ್ದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಿದ್ದಳು. ಹೆಬ್ಬೆಟ್ಟು ಒತ್ತುತ್ತಿದ್ದ ಆ ಹೆಂಗಸು ಇದೇ ಮಾತನ್ನು ಒಂದು ದಿನ ಪಡಸಾಲೆಯಲ್ಲಿ, ಮಗನ ಮುಂದೆ, ನಾದಿನಿಯ ಮುಂದೆ, ಎಲ್ಲರಿಗೂ ಕೇಳುವಂತೆ ಆಡಿದ್ದಳು. ಆ ಮಾತು ಆಡದೆ ಹೋಗಿದ್ದರೆ ನಾನು ಈ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ, ಹೊಸ್ತಿಲ ಮೇಲೆ ಈ ಹುಡುಗಿಯೂ ಕೂತಿರುತ್ತಿರಲಿಲ್ಲ.

ನಮ್ಮದು ಶಹಾಪುರದಲ್ಲಿ ಚುರಮುರಿ ಭಟ್ಟಿ. ನಾನು ಮದುವೆಯಾಗಿ ಬಂದಾಗ ಮಾವ ಇರಲಿಲ್ಲ. ಅತ್ತೆ, ನಮ್ಮವರು, ನಾನು, ಮೂರೇ ಮಂದಿ. ಹಿಂದಿನ ತಗಡಿನ ಶೆಡ್ಡಿನಲ್ಲಿ ಭಟ್ಟಿ, ಮುಂದೆ ರಸ್ತೆಯ ಮಗ್ಗುಲಿಗೆ ಮಾರುವ ಜಾಗ. ಕಾದ ಉಸುಕಿನಲ್ಲಿ ಅಕ್ಕಿ ಹಾಕಿ ಎರಡು ಸಲ ಆಡಿಸಿದರೆ ಚಟಪಟ ಅರಳುತ್ತದೆ; ನೋಡಲು ಚೆಂದ, ಮುಂದೆ ಕೂತವರಿಗೆ ಮಾತ್ರ ಬೇಸಿಗೆಯ ಮೇಲೊಂದು ಬೇಸಿಗೆ. ಹದಿನಾಲ್ಕನೇ ವಯಸ್ಸಿನಿಂದ ನಮ್ಮವರು ಆ ಬೆಂಕಿಯ ಮುಂದೆಯೇ ಕೂತವರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊಸದಾಗಿ ಬಂದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅತ್ತೆಯ ಎಡತೋಳಿನ ಬೆಳ್ಳಿ ವಂಕಿ. ಮಂದಿ ವಂಕಿ ಹಾಕುವುದು ಮದುವೆ ಮುಂಜಿಗೆ. ಇವಳು ಜಳಕಕ್ಕೂ ತೆಗೆಯುತ್ತಿರಲಿಲ್ಲ. ಅಕ್ಕಿ ಕೇರುವಾಗ ಅದು ಮೊರಕ್ಕೆ ತಾಗಿ ಟಣ್ ಎನ್ನುತ್ತಿತ್ತು. ತೋಳು ದಪ್ಪವಾಗಿ ವಂಕಿ ಮಾಂಸದಲ್ಲಿ ಹೂತು ಕೂತಿತ್ತು. "ಬಿಗಿ ಆಗಂಗಿಲ್ಲೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ. "ಬಿಗಿ ಇದ್ರನ ಚೊಲೋ ಯವ್ವಾ, ಜಾರಂಗಿಲ್ಲ" ಎಂದು ನಕ್ಕಳು. ಆ ನಗೆಯ ಅರ್ಥ ನನಗೆ ಐದು ವರ್ಷದ ಮೇಲೆ ಆಯಿತು.

ಆ ಐದು ವರ್ಷ ನನಗೆ ಮಕ್ಕಳಾಗಲಿಲ್ಲ. ಮೊದಲ ವರ್ಷ ಮಂದಿ ತಮಾಷೆ ಮಾಡಿದರು, ಎರಡನೇ ವರ್ಷ ಕೇಳಿದರು, ಮೂರನೇ ವರ್ಷ ಕೇಳುವುದನ್ನು ಬಿಟ್ಟು ನನ್ನನ್ನು ಬಸುರಿಯರ ಕುಬಸದ ಕಾರ್ಯಕ್ಕೆ ಕರೆಯುವುದನ್ನೂ ಬಿಟ್ಟರು. ಕರೆಯದೆ ಇದ್ದದ್ದು ಕೇಳಿದ್ದಕ್ಕಿಂತ ಹೆಚ್ಚು ನೋಯಿಸಿತು. ಹಾಗೆ ನನ್ನನ್ನು ಬಿಟ್ಟು ಕರೆದ ಒಂದು ಕುಬಸದ ದಿನ ಅತ್ತೆ, "ಅವರ ಮನಿ ಕಡುಬು ನನಗೂ ಬ್ಯಾಡ" ಎಂದು ತಾನೂ ಹೋಗದೆ ಕೂತಳು. ಕಡುಬೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅದು. ಮರುದಿನ ನನ್ನನ್ನು ಯಾದಗಿರಿಯ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಯಾದಗಿರಿಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಾರೆ, ಬೈಯುತ್ತಾರೆ, ಆದರೆ ಚೊಲೋ ನೋಡುತ್ತಾರೆ ಎಂದು ಯಾರೋ ಹೇಳಿದ್ದರು.

ಎರಡೂ ಮಾತು ಖರೆ. ಡಾಕ್ಟರಬಾಯಿ ಮೊದಲ ದಿನವೇ ಬೈದರು. "ಯಜಮಾನ್ರು ಎಲ್ಲದಾರ? ಮಕ್ಕಳು ಒಬ್ಬಾಕಿಗೇ ಆಗ್ತಾವೇನು? ಮುಂದಿನ ಸಲ ಅವರನ್ನ ಕರ್ಕೊಂಡು ಬರ್ರಿ." ನಾವು ಹೂಂ ಅಂದೆವು. ಮುಂದಿನ ಸಲವೂ ನಾವಿಬ್ಬರೇ ಹೋದೆವು. ಭಟ್ಟಿ ಬಿಟ್ಟು ಬರಲಾಗುವುದಿಲ್ಲ ಎಂಬುದು ನಮ್ಮವರು ಹೇಳಿಕೊಟ್ಟ ನೆಪ. ಡಾಕ್ಟರಬಾಯಿ ಹುಬ್ಬು ಗಂಟಿಕ್ಕಿದರು, ಆದರೂ ನನ್ನ ಕಡೆಯಿಂದ ಶುರು ಮಾಡಿದರು. ಮುಟ್ಟಿನ ಎರಡನೇ ದಿನದಿಂದ ಐದು ದಿನ ಗುಳಿಗೆ, ಹನ್ನೆರಡನೇ ದಿನಕ್ಕೆ ಸ್ಕ್ಯಾನಿಂಗು. ಅಂಡ ಬೆಳೆದಿರುತ್ತದೆ, ಅದು ಒಡೆದು ಹೊರಬಿದ್ದ ಮೇಲೆ ಹೆಚ್ಚೆಂದರೆ ಒಂದು ದಿನ ಜೀವ ಹಿಡಿದಿರುತ್ತದೆ, ಅಷ್ಟರೊಳಗೆ ಗಂಡಿನ ಬೀಜ ಅಲ್ಲಿ ಹಾಜರಿರಬೇಕು ಎಂದು ಬಿಡಿಸಿ ಹೇಳಿದರು. ಇಷ್ಟು ಸೂಕ್ಷ್ಮದ ಹೊಂದಾಣಿಕೆಯಲ್ಲಿ ನಾವೆಲ್ಲ ಹೇಗೆ ಹುಟ್ಟಿದೆವೋ ಎಂದು ನನಗೆ ಬೆರಗಾಯಿತು. ಅತ್ತೆ ತಲೆಯಾಡಿಸುತ್ತ ಕೂತಿದ್ದಳು.

ಹನ್ನೆರಡನೇ ದಿನ ಹೋದೆವು. ಡಾಕ್ಟರಬಾಯಿ ಪರದೆ ನೋಡಿ, "ತತ್ತಿ ಒಡದು ಹೋಗ್ಯಾದ" ಎಂದರು. ನಮಗೆ ತಿಳಿಯಲೆಂದು ಪಾಪ ಅಂಡ ಬಿಟ್ಟು ತತ್ತಿ ಎಂದಿದ್ದರು. ಅತ್ತೆ ಎದ್ದು ನಿಂತಳು.

"ತತ್ತಿ? ಯವ್ವಾ, ನಾವು ತತ್ತಿ ಮುಟ್ಟೋ ಮಂದಿ ಅಲ್ರಿ! ಲಿಂಗ ಕಟ್ಟಿದ ಮನಿ. ಆಕಿ ತವರಾಗೂ ತಿನ್ನಂಗಿಲ್ಲ. ಒಳಗ ಎಲ್ಲಿಂದ ಬಂತದು?"

ಡಾಕ್ಟರಬಾಯಿ ನಗಲಾರದೆ ಕೆಮ್ಮಿದರು. "ಅಜ್ಜಿ, ಈ ತತ್ತಿ ತಿಂದು ಬರೋದಲ್ಲ. ನಿಮ್ಮೊಳಗೂ ಇತ್ತು, ನನ್ನೊಳಗೂ ಅದ. ಹುಟ್ಟುವಾಗಲೇ ತಗೊಂಡು ಬಂದಿರ್ತೀವಿ." ಅತ್ತೆ ಕೂತಳು. ಊರು ಮುಟ್ಟುವ ತನಕ ಬಸ್ಸಿನಲ್ಲಿ ಅದೇ ಯೋಚನೆ. ಭೀಮಾ ಸೇತುವೆ ದಾಟುವಾಗ ನನ್ನ ಕಿವಿಯಲ್ಲಿ, "ಹಂಗಾರ ಮಠದ ಸ್ವಾಮಗೋಳ ಅವ್ವಗೂ ಇತ್ತೇನು?" ಎಂದಳು. ಇದ್ದಿರಬೇಕು ಅತ್ತಿ ಎಂದೆ.

ಮುಂದಿನ ತಿಂಗಳೂ ತತ್ತಿ ಒಡೆದಿತ್ತು. ಅದರ ಮುಂದಿನ ತಿಂಗಳೂ ಅದೇ. ಡಾಕ್ಟರಬಾಯಿಗೆ ಸಿಟ್ಟು ಬಂತು. "ಹನ್ನೆರಡನೇ ದಿನಕ್ಕ ಬರ್ರಿ ಅಂದ್ರ ನೀವು ಯಾವ ಲೆಕ್ಕದಾಗ ಬರಾಕತ್ತೀರಿ? ಎಲ್ಲಿಂದ ಎಣಸ್ತೀರಿ?"

"ಎಲ್ಲಿಂದ ಅಂದ್ರ?" ಎಂದಳು ಅತ್ತೆ. "ತಲಿಮ್ಯಾಗ ನೀರು ಹಾಕ್ಕೊಂಡ ದಿನದಿಂದ್ರಿ. ಹೊರಗಿದ್ದ ದಿನ ಯಾರರ ಎಣಸ್ತಾರೇನು?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ನಾನು ತಲೆ ತಗ್ಗಿಸಿದೆ. ಲೆಕ್ಕ ಇಟ್ಟವಳು ಅತ್ತೆಯಾದರೂ ಒಪ್ಪಿದವಳು ಬಿ.ಎ. ಆದ ನಾನು. ನಮ್ಮ ಮಂದಿಗೆ ಸೂತಕ ಇಲ್ಲ ಎಂದು ಹಿರಿಯರು ಹೇಳಿಹೋದರೂ ಆ ಸುದ್ದಿ ನಮ್ಮ ಅಡುಗೆಮನೆಯವರೆಗೆ ಬಂದಿರಲಿಲ್ಲ. ಹೊರಗೆ ಕೂತ ನಾಲ್ಕು ದಿನ ನಮ್ಮ ಮನೆಯಲ್ಲಿ ದಿನವೇ ಅಲ್ಲ. ಐದನೇ ದಿನ ತಲೆಗೆ ನೀರು ಬಿದ್ದ ಮೇಲೆಯೇ ತಿಂಗಳು ಹುಟ್ಟುವುದು. ಅತ್ತೆ ಆ ದಿನ ಕ್ಯಾಲೆಂಡರಿನ ಮನೆಯೊಳಗೆ ಅರಿಷಿಣದ ಬೊಟ್ಟಿಟ್ಟು ಅಲ್ಲಿಂದ ಹನ್ನೆರಡು ಎಣಿಸುತ್ತಿದ್ದಳು. ಹೀಗೆ ನಮ್ಮ ಹನ್ನೆರಡು ಡಾಕ್ಟರಬಾಯಿಯ ಹದಿನಾರು. ಮೂರು ತಿಂಗಳು ಗುಳಿಗೆಯೂ ತಪ್ಪು ದಿನ ನುಂಗಿದ್ದೆ, ಬಸ್ಸಿನಲ್ಲೂ ತಪ್ಪು ದಿನ ಕೂತಿದ್ದೆ. ಬರುವಾಗ ಅತ್ತೆ ನನ್ನ ಕೈ ಹಿಡಿದು, "ನನ್ನ ಬೊಟ್ಟು ನಿನ್ನ ಮೂರು ತಿಂಗಳು ತಿಂತಲ್ಲ ಯವ್ವಾ" ಎಂದು ಅತ್ತಳು. ನಾನೇ ಸಮಾಧಾನ ಮಾಡಬೇಕಾಯಿತು. ಮರುತಿಂಗಳಿಂದ ಹೊರಗಾದ ದಿನವೇ ಬೊಟ್ಟು ಬಿತ್ತು. ಅದಾದ ಮೇಲೆ ಹೊರಗೆ ಕೂಡುವುದೂ ನಿಂತಿತು. "ಎಣಿಸೋ ದಿನ ಅಂದ ಮ್ಯಾಲ ಒಳಗಿದ್ರೇನು ಹೊರಗಿದ್ರೇನು" ಎಂದು ಅವಳೇ ತೀರ್ಪು ಕೊಟ್ಟಳು.

ಎಣಿಕೆ ಸರಿಹೋದ ಮೇಲೆ ಸ್ಕ್ಯಾನಿನಲ್ಲಿ ಎಲ್ಲ ಸರಿ ಕಂಡಿತು. ಅಂಡ ಹೊತ್ತಿಗೆ ಸರಿಯಾಗಿ ಬೆಳೆಯುತ್ತಿತ್ತು, ಔಷಧ ಬಿಟ್ಟು ಎಕ್ಸ್‌ರೇ ತೆಗೆದಾಗ ಗರ್ಭನಾಳಗಳೂ ತೆರೆದಿದ್ದವು. ಮೂರು ತಿಂಗಳು ಕಾದರೂ ಬಸಿರು ಮಾತ್ರ ನಿಲ್ಲಲಿಲ್ಲ. ಡಾಕ್ಟರಬಾಯಿ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನು ಮೇಜಿನ ಮೇಲಿಟ್ಟರು. "ಇನ್ನ ಈಕಿಗೆ ಒಂದು ಗುಳಿಗಿ ಕೊಡಂಗಿಲ್ಲ, ಒಂದು ಸೂಜಿ ಹಾಕಂಗಿಲ್ಲ. ಯಜಮಾನ್ರ ವೀರ್ಯ ಪರೀಕ್ಷಾ ಆಗಬೇಕು. ಇಲ್ಲಂದ್ರ ಇಲ್ಲಿಗೆ ಬರಬ್ಯಾಡ್ರಿ."

ಬಾಟಲಿ ನನ್ನ ಬ್ಯಾಗಿನಲ್ಲಿ ಮನೆಗೆ ಬಂತು, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಕೂತಿತು. ನಮ್ಮವರು ಅದರ ಕಡೆ ನೋಡಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ನನಗೆ ಒಂದು ದಿನ ಗದರಿದವರಲ್ಲ. ಆದರೆ ಆ ಬಾಟಲಿಯ ಮಾತು ಬಂದರೆ ತಂಬಾಕು ತಿಕ್ಕುತ್ತ, "ನಮ್ಮ ಮನ್ಯಾಗ ಗಂಡಸರಿಗೆ ಏನೂ ಆಗಿಲ್ಲ" ಎಂದು ಭಟ್ಟಿಯ ಕಡೆ ನಡೆಯುತ್ತಿದ್ದರು. ಹಾಗೆನ್ನಲು ಅವರಿಗೊಂದು ಸಾಕ್ಷಿ ಇತ್ತು. ಸಾಕ್ಷಿ ಅವರ ತಾಯಿಯೇ. ಶಂಕ್ರವ್ವಗೂ ಒಂದು ಗಂಡು ಹುಟ್ಟಿದ ಮೇಲೆ ಬಸಿರು ನಿಂತುಹೋಯಿತು, ಈ ಮನೆಗೆ ಬಂದ ಹೆಣ್ಣುಗಳ ಹೊಟ್ಟೆಯಲ್ಲೇ ಏನೋ ದೋಷ, ಇದು ಮನೆಯ ಗುಣ ಎಂದು ಬಂಧುಬಳಗ ಎಲ್ಲ ನಂಬಿತ್ತು. ನಮ್ಮವರೂ ಸಣ್ಣಂದಿನಿಂದ ಅದನ್ನೇ ಕೇಳಿ ಬೆಳೆದಿದ್ದರು. ಅತ್ತೆ ಒಂದು ದಿನವೂ ಅಲ್ಲ ಎಂದಿರಲಿಲ್ಲ.

ಬಾಟಲಿಯ ಮೇಲೆ ಎರಡು ತಿಂಗಳು ಧೂಳು ಕೂತಿತು. ಆಮೇಲೆ ಸುರಪುರದಿಂದ ಗುರವ್ವತ್ತಿ ಬಂದಳು.

ಗುರವ್ವತ್ತಿ ನನ್ನ ಮಾವನ ಅಕ್ಕ, ಅಂದರೆ ಅತ್ತೆಗೆ ಹಿರಿಯ ನಾದಿನಿ. ಬಂದರೆ ಬರಿಗೈಯಲ್ಲಿ ಬರುವವಳಲ್ಲ, ಒಂದು ಚೀಲ ಶೇಂಗಾ, ಒಂದು ತೀರ್ಮಾನ. ಮಧ್ಯಾಹ್ನ ಊಟ ಮುಗಿಸಿ, ಪಡಸಾಲೆಯ ಕಂಬಕ್ಕೆ ಆತು ಕೂತು, ಎಲೆ ಅಡಿಕೆ ಬಾಯಿಗಿಟ್ಟು, ನಮ್ಮವರ ಕಡೆ ತಿರುಗಿ ಶುರು ಮಾಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ, ಈಗ ನೀಲು ಕೂಡುವ ಇದೇ ಹೊಸ್ತಿಲ ಹತ್ತಿರ ನಿಂತಿದ್ದೆ.

"ನೋಡ್ ಶರಣು, ನಾ ಸುತ್ತಿ ಬಳಸಿ ಮಾತಾಡಾಕಿ ಅಲ್ಲ. ಹುಡುಗಿ ಚೊಲೋ ಅದಾಳ, ಇಲ್ಲನ್ನಂಗಿಲ್ಲ. ಆದ್ರ ಐದು ವರ್ಷಾತು. ಗಂಡಸಿಗೇನಾಗ್ತದ, ಹೊಲದಾಗ ಕಸುವಿಲ್ಲಂದ್ರ ಬಿತ್ತಿದಂವ ಏನ್ ಮಾಡ್ಯಾನ? ನನ್ನ ಮೈದುನನ ಮಗಳು ಒಬ್ಬಾಕಿ ಅದಾಳ. ಉಗಾದಿ ಆದ ಮ್ಯಾಲ ಮಾತಾಡೋಣು. ಈಕೀನೂ ಇರ್ಲಿ ಮನ್ಯಾಗ, ಯಾರು ಬ್ಯಾಡಂದಾರ?"

ನಾನು ನಮ್ಮವರ ಮುಖ ನೋಡಿದೆ. ಅವರು ಏನಾದರೂ ಅಂದಾರು ಎಂದು ಕಾದೆ. ಅವರು ಕಾಲಬೆರಳ ಉಗುರು ನೋಡುತ್ತ ಕೂತಿದ್ದರು. ಗುರವ್ವತ್ತಿಯ ಮಾತಿಗಿಂತ ಆ ಸುಮ್ಮನಿರುವಿಕೆ ನನ್ನ ಎದೆ ಒಡೆಯಿತು. ನನ್ನ ಟ್ರಂಕಿನಲ್ಲಿ ಎಷ್ಟು ಸೀರೆ ಇವೆ, ನಾರಾಯಣಪುರದ ಬಸ್ಸು ಎಷ್ಟು ಗಂಟೆಗೆ ಎಂದು ನಿಂತಲ್ಲೇ ಎಣಿಸತೊಡಗಿದೆ.

ಮೂಲೆಯಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟಳು. "ಯವ್ವಾ, ಒಂದಿಷ್ಟು ಎಣ್ಣಿ ತಗೊಂಡ್ ಬಾ" ಎಂದಳು.

ಕುಸುಬಿ ಎಣ್ಣೆಯ ಗಿಂಡಿ ತಂದೆ. ಅತ್ತೆ ಕುಪ್ಪಸದ ತೋಳು ಮೇಲೆ ಸರಿಸಿ, ವಂಕಿಯ ಸುತ್ತ ಎಣ್ಣೆ ಹಚ್ಚಿ, "ಜಗ್ಗು" ಎಂದಳು. ನನಗೆ ಅಂಜಿಕೆಯಾಯಿತು. "ಜಗ್ಗು, ಸಾಯಂಗಿಲ್ಲ ನಾ." ಜಗ್ಗಿದೆ. ಚರ್ಮ ಕೆಂಪಾಗಿ, ಹಲ್ಲು ಕಚ್ಚಿ, ಕೊನೆಗೆ ವಂಕಿ ಮೊಳಕೈ ದಾಟಿ ಕೈಗೆ ಬಂತು. ತೋಳಿನಲ್ಲಿ ಅದಿದ್ದ ಜಾಗ ಎಳೆ ಕೂಸಿನ ಚರ್ಮದಂತೆ ಬೆಳ್ಳಗಿತ್ತು. ಅತ್ತೆ ವಂಕಿಯನ್ನು ಚಾಪೆಯ ನಡುವೆ, ಮಗನ ಮುಂದೆ ಇಟ್ಟಳು.

"ಶರಣು, ಇದು ಮಂದಿಗೆ ತೋರ್ಸಾಕ ಹಾಕ್ಕೊಂಡಿದ್ದು. ಖರೇ ವಂಕಿ ಒಳಗಿತ್ತು."

ಯಾರಿಗೂ ತಿಳಿಯಲಿಲ್ಲ. ಅವಳೇ ಬಿಡಿಸಿದಳು. ಒಂದೊಂದು ಮಾತೂ ನನಗೆ ಈಗಲೂ ಹಾಗೇ ನೆನಪಿದೆ.

"ನಿನ್ನ ಹಡಿಯೋ ಮುಂದ ಮೂರು ದಿನ ಬ್ಯಾನಿ ತಿಂದೆ. ನೀ ಬಂದಿ, ರಕ್ತ ನಿಲ್ಲಲಿಲ್ಲ. ಎತ್ತಿನ ಬಂಡ್ಯಾಗ ಹಾಕ್ಕೊಂಡು ಸುರಪುರಕ್ಕ ಒಯ್ದರು. ನರ್ಸಬಾಯಿ ಉಳಿಸಿದಳು. ಉಳಿಸಿ ಹೇಳಿದಳು, ಶಂಕ್ರವ್ವಾ, ಇನ್ನೊಂದು ಬಸಿರಾದ್ರ ಈ ಕೂಸಿಗೆ ತಾಯಿ ಇರಂಗಿಲ್ಲ ನೋಡು ಅಂತ. ಮನಿಗಿ ಬಂದ್ರ ನಿಮ್ಮ ಆಯಿ, ಒಂದು ಕಣ್ಣು ಕಣ್ಣಲ್ಲ ಒಬ್ಬ ಮಗ ಮಗನಲ್ಲ ಅಂತ ಜಪ ಮಾಡಾಕತ್ತಿದ್ದಳು. ನಾ ಯಾರಿಗೆ ಹೇಳ್ಲಿ? ಸುಮ್ಮ ಹೋಗಿ ವಂಕಿ ಹಾಕ್ಸ್ಕೊಂಡೆ. ತಾಮ್ರದ್ದು, ಇಷ್ಟಿರ್ತದ, ಗರ್ಭಚೀಲದಾಗ ಇಡ್ತಾರ. ನಿಮ್ಮಪ್ಪಗೂ ಹೇಳ್ಲಿಲ್ಲ."

"ಮತ್ತ ಇದು?" ನಮ್ಮವರು ಬೆಳ್ಳಿಯ ಕಡೆ ಕೈ ಮಾಡಿದರು.

ಅತ್ತೆಗೆ ಆಗಲೂ ನಗು ಬಂತು. ನರ್ಸಬಾಯಿಯದು ದೊಡ್ಡ ಗಂಟಲು. ಹಳ್ಳಿ ಹಳ್ಳಿ ತಿರುಗುತ್ತ ಒಂದು ದಿನ ಇವರ ಬಾಗಿಲಿಗೆ ಬಂದು, ಅಂಗಳದಿಂದಲೇ, "ಶಂಕ್ರವ್ವಾ, ವಂಕಿ ಆರಾಮ ಐತಿಲ್ಲ? ಜಾರಿಲ್ಲಲ್ಲ?" ಎಂದು ಕೂಗಿದಳಂತೆ. ಹಿರಿಯಾಕೆ, ಅಂದರೆ ಅತ್ತೆಯ ಅತ್ತೆ, ಕಟ್ಟೆಯ ಮೇಲೆ ಕೂತಿದ್ದವಳು ಕಿವಿ ನೆಟ್ಟಗೆ ಮಾಡಿದಳು. ವಂಕಿ? ಯಾವಾಗ ಮಾಡಿಸಿದಿ? ಎಲ್ಲಿ, ತೋರಿಸು. ಅತ್ತೆಯ ಬಾಯಿಗೆ ಬಂದದ್ದು, ತವರಿನಲ್ಲಿ ಇಟ್ಟಿದ್ದೇನೆ ಎಂಬ ಸುಳ್ಳು. ಆ ವಾರವೇ ತವರಿಗೆ ಹೋಗಿ, ತಾಯಿಯ ಕಾಲು ಹಿಡಿದು, ತಾಯಿಯ ತೋಳಿನ ಬೆಳ್ಳಿ ವಂಕಿ ತನ್ನ ತೋಳಿಗೆ ಹಾಕಿಕೊಂಡು ಬಂದಳು. ಒಳಗಿನದನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತಿತ್ತು. ಆಗೆಲ್ಲ, "ವಂಕಿ ಸಡ್ಲ ಆಗೈತ್ರಿ, ಸುರಪುರಕ್ಕ ಹೋಗಿ ಸರಿ ಮಾಡ್ಸ್ಕೊಂಡು ಬರ್ತೀನಿ" ಎಂದು ಹಿರಿಯಾಕೆಗೆ ಹೇಳಿ ಹೋಗುತ್ತಿದ್ದಳಂತೆ. ಹಿರಿಯಾಕೆ ಪ್ರತಿ ಸಲ ಅಕ್ಕಸಾಲಿಗನನ್ನು ದೂರುತ್ತ, "ಆ ಪತ್ತಾರ ಚೊಲೋ ಇಲ್ಲ ಕಾಣ್ತದ" ಎನ್ನುತ್ತಿದ್ದಳಂತೆ.

ನನಗೆ ಅಳುವಿನ ನಡುವೆ ನಗು ನುಗ್ಗಿತು. ಗುರವ್ವತ್ತಿ ಮಾತ್ರ ನಗಲಿಲ್ಲ. "ಶಂಕ್ರೀ, ನಮ್ಮವ್ವ ಸಾಯೋತನಕ ಆಕಿಗೆ ಮೋಸ ಮಾಡಿದೆಲ್ಲ?"

"ಮಾಡೀನಿ ಅಕ್ಕಾ. ಜೀವಂತ ಅದೀನಿ."

ನಮ್ಮವರು ವಂಕಿ ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದರು. "ನಾ ಸಣ್ಣಾಂವ ಇದ್ದಾಗ ತಮ್ಮ ಬೇಕು ತಂಗಿ ಬೇಕು ಅಂತ ಅಳ್ತಿದ್ದೆ" ಎಂದರು, ತಮಗೇ ಹೇಳಿಕೊಂಡಂತೆ.

"ಅಳ್ತಿದ್ದಿ. ನೀ ಅತ್ತಾಗೆಲ್ಲ ನಾ ಇದನ್ನ ಹಿಡ್ಕೊಂಡು ಕುಂದರ್ತಿದ್ದೆ." ಅತ್ತೆ ಎದ್ದು, ಗೂಡಿನ ಬಾಟಲಿ ತಂದು, ಸೆರಗಿನಿಂದ ಧೂಳು ಒರೆಸಿ ಮಗನ ಕೈಯಲ್ಲಿಟ್ಟಳು. "ಮನಿ ಗುಣ ಅಂಬೋದು ಸುಳ್ಳು. ಆ ಸುಳ್ಳು ಸಾಕಿದಾಕಿ ನಾನ. ನಾ ಬಾಯಿ ಮುಚ್ಚಿಕೊಂಡಿದ್ದಕ್ಕ ಇವತ್ತು ಈ ಹುಡುಗಿ ಕುತ್ತಿಗಿಗೆ ಬಂದೈತಿ. ಈಕಿ ಮೈಯಾಗ ಸೂಜಿ ಚುಚ್ಚಲಾರದ ಜಾಗ ಉಳಿದಿಲ್ಲೋ. ನಿನಗ ಒಂದು ಬಾಟ್ಲಿ ಭಾರ ಆತೇನು?"

ಗುರವ್ವತ್ತಿ ಸಂಜೆಯ ಬಸ್ಸಿಗೇ ಹೋದಳು. ಶೇಂಗಾ ಬಿಟ್ಟುಹೋದಳು, ತೀರ್ಮಾನ ವಾಪಸ್ ಒಯ್ದಳು. ಮರುದಿನ ಬೆಳಿಗ್ಗೆ ನಮ್ಮವರು ಬಿಳಿ ಅಂಗಿ ಹಾಕಿಕೊಂಡು, ಬಾಯಲ್ಲಿ ತಂಬಾಕಿಲ್ಲದೆ, "ನಡಿ" ಎಂದರು.

ಯಾದಗಿರಿಯಲ್ಲಿ ಆದದ್ದನ್ನು ನಾನು ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಈಗೀಗ ಬರುವುದಿಲ್ಲ. ಬಾಟಲಿಯನ್ನು ಚುರಮುರಿಯ ಹಾಳೆ ಚೀಲದಲ್ಲಿ ಸುತ್ತಿ ಲ್ಯಾಬಿಗೆ ಒಯ್ಯುವಾಗ ನಮ್ಮ ಗಿರಾಕಿಯೊಬ್ಬ ಎದುರಾಗಿ, "ಏನ್ರಿ ಶರಣಪ್ಪ, ಹೊಸಾ ಮಾಲಿನ ಸ್ಯಾಂಪಲ್ಲೇನು?" ಎಂದನಂತೆ. "ಹೌದ್ರಿ" ಎಂದರಂತೆ ಇವರು. ಬೇರೆ ಏನು ಹೇಳಿಯಾರು?

ವರದಿ ಬಂತು. ಬೀಜದ ಸಂಖ್ಯೆ ಕಡಿಮೆ, ಇದ್ದವುಗಳಲ್ಲೂ ಚುರುಕಾದವು ಕೆಲವೇ. ಡಾಕ್ಟರಬಾಯಿ ಬೈಯುತ್ತಾರೆ ಎಂದುಕೊಂಡಿದ್ದೆವು, ಬೈಯಲಿಲ್ಲ. ಏನು ಉದ್ಯೋಗ ಎಂದು ಕೇಳಿದರು. ಭಟ್ಟಿ ಎಂದೊಡನೆ ಕನ್ನಡಕ ತೆಗೆದರು. "ದೇವರು ಗಂಡಸಿನ ಬೀಜದ ಚೀಲ ಮೈ ಹೊರಗ ಯಾಕಿಟ್ಟಾನ ಗೊತ್ತದೇನ್ರಿ? ಮೈ ಕಾವೂ ಅದಕ್ಕ ಹೆಚ್ಚು, ತಣ್ಣಗಿರಲಿ ಅಂತ. ನೀವು ಅದನ್ನ ತಗೊಂಡು ಹೋಗಿ ಭಟ್ಟಿ ಮುಂದ ಇಟ್ಟೀರಿ. ಅಕ್ಕಿ ಅರಳಿಸ್ಲಿಕ್ಕ ಹೋಗಿ ಇದನ್ನ ಹುರದೀರಿ." ಭಟ್ಟಿಯಿಂದ ದೂರ ಇರಬೇಕು, ತಂಬಾಕು ಬಿಡಬೇಕು, ಗುಳಿಗೆ ತೆಗೆದುಕೊಳ್ಳಬೇಕು; ಹೊಸ ಬೀಜ ತಯಾರಾಗಲು ಹೆಚ್ಚೂ ಕಡಿಮೆ ಮೂರು ತಿಂಗಳು, ಅಲ್ಲಿಯವರೆಗೆ ಆತುರ ಪಡಬಾರದು ಎಂದರು. ಎಲ್ಲರಿಗೂ ಇದರಿಂದ ಸರಿಹೋಗುವುದಿಲ್ಲ, ನೋಡೋಣ ಎಂದೂ ಹೇಳಿದರು.

ಭಟ್ಟಿ ಬಿಟ್ಟರೆ ಹೊಟ್ಟೆಗೇನು ಎಂದು ನಮ್ಮವರು ಬಸ್ಸಿನಲ್ಲಿ ಮಂಕಾಗಿ ಕೂತರು. ಮನೆಗೆ ಬಂದು ಹೇಳಿದಾಗ ಅತ್ತೆ ಅರೆಕ್ಷಣವೂ ಯೋಚಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಕುಂದರ್ತೀನಿ ಭಟ್ಟಿ ಮುಂದ. ನೀ ಮುಂದ ಗಾಳಿಗೆ ಕುಂತು ಮಾರು. ಬೆಂಕಿ ಹತ್ತಿ ಹೋಗುವಂಥಾದ್ದು ನಂದೇನೂ ಉಳಿದಿಲ್ಲ."

ವಂಕಿ ತೆಗೆದಿಟ್ಟ ಮರುತಿಂಗಳೇ ನಾನು ಬಸುರಿಯಾದೆ ಎಂದರೆ ಕಥೆ ಚೆಂದ. ಹಾಗಾಗಲಿಲ್ಲ. ಅತ್ತೆ ಎಂಟು ತಿಂಗಳು ಆ ಬೆಂಕಿಯ ಮುಂದೆ ಕೂತಳು. ನಡುವೆ ಬೇಸಿಗೆ ಬಂದು ಹೋಯಿತು. ಶಹಾಪುರದ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ. ನಾವಿಬ್ಬರೂ ಕಲಬುರ್ಗಿಗೆ ಹೋಗಿ, ಬೀಜವನ್ನು ಶುದ್ಧಮಾಡಿ ಸಣ್ಣ ನಳಿಗೆಯಿಂದ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ ಮಾಡಿಸಿಕೊಂಡೆವು. ಮೊದಲ ಸಲ ನಿಲ್ಲಲಿಲ್ಲ. ಆ ದಿನ ಅತ್ತೆ ಕ್ಯಾಲೆಂಡರಿಗೆ ಬೊಟ್ಟಿಡುತ್ತ, ನನ್ನ ಕಡೆ ತಿರುಗದೆ, "ಆತು, ಇವತ್ತು ಒಂದನೇ ದಿನ" ಎಂದಳು. ಎರಡನೇ ಸಲದ ನಂತರ ಬೊಟ್ಟಿಡುವ ದಿನ ಬರಲೇ ಇಲ್ಲ. ಹನ್ನೆರಡು, ಹದಿನಾರು, ಇಪ್ಪತ್ತೆಂಟು, ಮೂವತ್ತೈದು. ಅತ್ತೆ ಅರಿಷಿಣದ ಬಟ್ಟಲು ಹಿಡಿದುಕೊಂಡು ಕ್ಯಾಲೆಂಡರಿನ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. ನೀಲು ಹುಟ್ಟಿದ ದಿನ ಆ ಬಟ್ಟಲಿನ ಅರಿಷಿಣವನ್ನೆಲ್ಲ ನನ್ನ ಕೆನ್ನೆಗೆ ಬಳಿದಳು.

ಆಮೇಲೆ ಅವಳು ವಂಕಿ ಹಾಕಿಕೊಳ್ಳಲಿಲ್ಲ. ತೋಳಿನ ಬಿಳಿ ಗುರುತು ನಿಧಾನವಾಗಿ ಮಿಕ್ಕ ಚರ್ಮದ ಬಣ್ಣಕ್ಕೆ ಬಂತು. ಎರಡು ವರ್ಷದ ಹಿಂದೆ, ಹಾಸಿಗೆ ಹಿಡಿದಾಗ, ಟ್ರಂಕಿನಿಂದ ಅದನ್ನು ತೆಗೆಸಿ ನನ್ನ ಕೈಯಲ್ಲಿಟ್ಟಳು. "ತವರಿಗಿ ಹೊಳ್ಳಿ ಕೊಡೋದಿತ್ತು, ಅಲ್ಲಿ ಈಗ ಇಸ್ಕೊಳ್ಳಾಕ ಯಾರೂ ಇಲ್ಲ. ನೀ ಇಟ್ಕೋ. ಯಾರರ ಕೇಳಿದ್ರ ಖರೇ ಹೇಳು ಯವ್ವಾ. ನಾ ಹೇಳಲಾರದಕ್ಕ ಭಾಳ ಮಂದಿ ಅತ್ತಾರ." ನಾನು ಹೂಂ ಎಂದಿದ್ದೆ. ಅವಳ ಕೈ ಮುಟ್ಟಿ ಹೂಂ ಎಂದಿದ್ದೆ.

ಯಾರೋ ಕೇಳಿದ್ದು ಇವತ್ತೇ. ಕೇಳಿದವಳು ಅವಳ ಮೊಮ್ಮಗಳು. ನಾನು ಮಿಕ್ಸಿ ಹಚ್ಚಿದೆ.

ಮಿಕ್ಸಿ ಬಿಸಿಯಾಗಿ ವಾಸನೆ ಬರತೊಡಗಿತು. ಬಂದ್ ಮಾಡಿದೆ. ನೀಲು ಇನ್ನೂ ಹೊಸ್ತಿಲ ಮೇಲೆಯೇ ಇದ್ದಳು, ಬೆರಳು ಅದೇ ಸಾಲಿನ ಮೇಲೆ. ಒಳಗೆ ಹೋಗಿ ಟ್ರಂಕಿನಿಂದ ವಂಕಿ ತಂದೆ. ಕಪ್ಪಾಗಿತ್ತು. ಜಗಲಿಯ ಮೇಲಿನ ವಿಭೂತಿ ಒಂದು ಚಿಟಿಕೆ ತೆಗೆದು ತಿಕ್ಕಿದೆ, ಒಂದು ಬದಿ ಬೆಳ್ಳಗಾಯಿತು. ಅದನ್ನು ಮಗಳ ತೆರೆದ ಪುಸ್ತಕದ ಮೇಲಿಟ್ಟೆ.

"ಒಳಗ ಬಾ, ಇಲ್ಲಿ ಕುಂದ್ರು. ನಿಮ್ಮ ಆಯಿಗಿ ಎರಡು ವಂಕಿ ಇದ್ವು" ಎಂದೆ. "ಒಂದು ಇದು."

ಅಷ್ಟರಲ್ಲಿ ಹಿಂದಿನ ಬಾಗಿಲು ಸರಿಯಿತು. ನಮ್ಮವರು ನಾಷ್ಟಾಕ್ಕೆ ಬಂದಿದ್ದರು. ಪುಸ್ತಕ ನೋಡಿದರು, ಪುಸ್ತಕದ ಮೇಲಿನ ವಂಕಿ ನೋಡಿದರು, ನನ್ನ ಮುಖ ನೋಡಿದರು. ನಾನು ಮಾತು ನಿಲ್ಲಿಸಿದೆ. ಹಳೆಯ ಚಾಳಿ, ಕೈ ತಾನೇ ಮಿಕ್ಸಿಯ ಕಡೆ ಹೋಯಿತು.

ಅವರು ಮಣೆ ಎಳೆದುಕೊಂಡು ಮಗಳ ಪಕ್ಕ ಕೂತರು. "ಹೇಳು, ಯಾಕ್ ನಿಲ್ಲಿಸಿದಿ?" ಎಂದರು. "ಭಟ್ಟಿದೂ ಹೇಳು, ಬಾಟ್ಲಿದೂ ಹೇಳು. ನಂದು ಬಿಟ್ಟು ಹೇಳಬ್ಯಾಡ."